ಸಣ್ಣ ಕ್ಯಾರವಾನ್ ಟ್ರೇಲರ್‌ಗೆ ಭಾರ ಹಂಚುವ ಹಿಚ್: ಎಷ್ಟು ಪೌಂಡಿನದು ಬೇಕು?

ಪ್ರಶ್ನೆ (ಮೂಡಿಗೆರೆಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಹನ್ನೆರಡು ಅಡಿ ಉದ್ದದ, ಒಂದೇ ಆಕ್ಸಲ್‌ನ ಕ್ಯಾರವಾನ್ ಟ್ರೇಲರ್ ಇದೆ. ಸಾಮಾನು ತುಂಬಿದಾಗ ಸುಮಾರು 1,000 ಕಿಲೋ ತೂಗುತ್ತದೆ. ಅದನ್ನು ಡಬಲ್ ಕ್ಯಾಬ್ ಪಿಕಪ್‌ನಿಂದ ಎಳೆಯುತ್ತೇವೆ. ಕಳೆದ ತಿಂಗಳು ಸಕಲೇಶಪುರದಿಂದ ಹಾಸನಕ್ಕೆ ಹೋಗುವಾಗ, ಗಂಟೆಗೆ 80 ಕಿ.ಮೀ. ವೇಗದಲ್ಲಿದ್ದ ನಮ್ಮನ್ನು ಬಸ್ಸೊಂದು ಹಿಂದಿಕ್ಕಿತು. ಆಗ ಟ್ರೇಲರ್ ಎಡಕ್ಕೂ ಬಲಕ್ಕೂ ಓಲಾಡತೊಡಗಿತು. ಹೆಂಡತಿ ಮಕ್ಕಳು ಪಿಕಪ್‌ನೊಳಗಿದ್ದರು. ಆ ಭಯ ಇನ್ನೂ ಹೋಗಿಲ್ಲ. ಭಾರ ಹಂಚುವ ಹಿಚ್ (ಟ್ರೇಲರನ್ನು ಪಿಕಪ್‌ಗೆ ಜೋಡಿಸುವ ಕೊಂಡಿ) ಹಾಕಿಸಬೇಕೆಂದೂ, 1,000 ಪೌಂಡಿನ ಸ್ಪ್ರಿಂಗ್ ಬಾರ್ ಇರುವುದನ್ನೇ ತೆಗೆದುಕೊಂಡರೆ ನಿಶ್ಚಿಂತೆಯೆಂದೂ ಬಿಡಿಭಾಗ ತರಿಸಿಕೊಡುವವರು ಹೇಳುತ್ತಾರೆ. ಟ್ರೇಲರ್ ಕಟ್ಟಿದಾಗ ಪಿಕಪ್‌ನ ಮೂತಿ ಮೇಲೆದ್ದಂತೆ ಕಾಣುವುದಿಲ್ಲ. ಯಾವುದನ್ನು ಆರಿಸಬೇಕು?

ಉತ್ತರ (ಹಾಸನದಿಂದ)

ನಿಮ್ಮ ಪ್ರಶ್ನೆಯ ಕೊನೆಯ ವಾಕ್ಯವೇ ನನಗೆ ಮುಖ್ಯವಾಗಿ ಕಂಡಿತು. ಎತ್ತಿನ ಗಾಡಿಗೆ ಹುಲ್ಲು ಹೇರುತ್ತಿದ್ದ ನಮ್ಮ ಹಿರಿಯರು ಮುಂಭಾರ, ಹಿಂಭಾರ ಎಂದು ಲೆಕ್ಕ ಹಾಕುತ್ತಿದ್ದರು. ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳಹಗ್ಗ ಬಿಗಿಯುತ್ತಿತ್ತು. ಟ್ರೇಲರ್‌ನಲ್ಲಿ ಹಿಂಭಾರವಾದರೆ ಓಲಾಟ ಶುರುವಾಗುತ್ತದೆ. ಮೂತಿ ಏಳುತ್ತಿಲ್ಲವೆಂದರೆ ಹಿಚ್‌ನ ಬಾಲ್ (ಟ್ರೇಲರ್‌ನ ಮೂತಿ ಕೂರುವ ಗುಂಡು) ಮೇಲೆ ಸಾಕಷ್ಟು ಭಾರ ಕೂರುತ್ತಿಲ್ಲವೆಂದೇ ನನ್ನ ಅನುಮಾನ.

ಭಾರ ಹಂಚುವ ಹಿಚ್ ಇರುವುದು ಬೇರೆಯದೇ ತೊಂದರೆಗೆ. ಬಾಲ್ ಮೇಲೆ ಭಾರ ಬಿದ್ದಾಗ ಹಿಂದಿನ ಆಕ್ಸಲ್ ತಕ್ಕಡಿಯ ನಡುಗೂಟದಂತಾಗಿ, ಮುಂದಿನ ಚಕ್ರಗಳು ಹಗುರವಾಗುತ್ತವೆ. ಹಿಚ್‌ನ ಎರಡು ಸ್ಪ್ರಿಂಗ್ ಬಾರ್‌ಗಳು ಸನ್ನೆಯಂತೆ ಕೆಲಸ ಮಾಡಿ, ಹಿಂದಿನ ಆಕ್ಸಲ್ ಮೇಲಿನ ಭಾರದ ಒಂದು ಪಾಲನ್ನು ಪಿಕಪ್‌ನ ಮುಂದಿನ ಚಕ್ರಗಳಿಗೂ ಟ್ರೇಲರ್‌ನ ಚಕ್ರಗಳಿಗೂ ಮರಳಿಸುತ್ತವೆ. ತಪ್ಪಾಗಿ ಹೇರಿದ ಟ್ರೇಲರ್‌ನ ಓಲಾಟವನ್ನು ಅವು ಗುಣಪಡಿಸುವುದಿಲ್ಲ.

ಆದ್ದರಿಂದ ಕೊಳ್ಳುವ ಮುನ್ನ ತೂಗಿಸಿ. ಕಾಫಿ ತೂಗುವ ವೇಬ್ರಿಡ್ಜ್ ನಿಮ್ಮ ಸುತ್ತಮುತ್ತ ಇದ್ದೇ ಇರುತ್ತದೆ. ಮೊದಲು ಪಿಕಪ್ ಒಂದನ್ನೇ ತೂಗಿಸಿ. ಬಳಿಕ ಟ್ರೇಲರ್ ಕಟ್ಟಿ, ಅದರ ಚಕ್ರಗಳು ವೇಬ್ರಿಡ್ಜ್‌ನ ಹೊರಗಿರುವಂತೆ ನಿಲ್ಲಿಸಿ ಮತ್ತೆ ತೂಗಿಸಿ. ಎರಡರ ವ್ಯತ್ಯಾಸವೇ ಬಾಲ್ ಮೇಲಿನ ಭಾರ. ಟ್ರೇಲರ್‌ನ ಒಟ್ಟು ತೂಕದಲ್ಲಿ ಅದು ನೂರಕ್ಕೆ 10ರಿಂದ 15ರಷ್ಟಿರಬೇಕೆಂಬುದು, ಇಂಥ ಹಿಚ್‌ಗಳು ಹೆಚ್ಚಾಗಿ ಬಳಕೆಯಲ್ಲಿರುವ ಅಮೆರಿಕದ ರೂಢಿ. ಬಾರ್‌ನ ಪೌಂಡ್ ಲೆಕ್ಕವನ್ನೂ ಈ ಭಾರ ನೋಡಿಯೇ ಆರಿಸಬೇಕು; ಪಿಕಪ್‌ನ ಹಿಂದಿನ ಆಕ್ಸಲ್‌ಗಿಂತ ಹಿಂದೆ ಪಿಕಪ್‌ನಲ್ಲೇ ಹೇರಿದ ಸಾಮಾನನ್ನೂ ಅದಕ್ಕೆ ಸೇರಿಸಿಕೊಳ್ಳಬೇಕು.

ಪ್ರಶ್ನೆ ಕೇಳಿದವರು (ಮೂಡಿಗೆರೆಯಿಂದ)

ತಮ್ಮ ಮಾತಿನಂತೆ ತೂಗಿಸಿದೆ. ಟ್ರೇಲರ್‌ನ ಒಟ್ಟು ತೂಕ 1,020 ಕಿಲೋ. ಬಾಲ್ ಮೇಲಿದ್ದದ್ದು ಬರೀ 50 ಕಿಲೋ, ಅಂದರೆ ನೂರಕ್ಕೆ ಐದರಷ್ಟು! 80 ಲೀಟರಿನ ನೀರಿನ ಟ್ಯಾಂಕ್ ಕೊನೆಯಲ್ಲಿ ಸೀಟಿನ ಕೆಳಗಿದೆ. ಬ್ಯಾಟರಿ ಮತ್ತು ಗ್ಯಾಸ್ ಸಿಲಿಂಡರನ್ನೂ ನಾನೇ ಹಿಂದೆ ಇರಿಸಿದ್ದೆ. ಟ್ಯಾಂಕ್ ಖಾಲಿ ಮಾಡಿ, ಉಳಿದೆರಡನ್ನೂ ಮುಂದಕ್ಕೆ ತಂದು ಭದ್ರವಾಗಿ ಬಿಗಿದ ಮೇಲೆ ಒಟ್ಟು ತೂಕ 940 ಕಿಲೋ, ಬಾಲ್ ಮೇಲೆ 125 ಕಿಲೋ ಆಯಿತು. ಬೇಲೂರಿನವರೆಗೆ ಹೋಗಿ ಬಂದೆ. 70ರ ವೇಗದಲ್ಲಿ ಲಾರಿಗಳು ಪಕ್ಕದಲ್ಲಿ ಹಾದುಹೋದರೂ ಟ್ರೇಲರ್ ಓಲಾಡಲಿಲ್ಲ. ಆದರೆ ಈಗ ಪಿಕಪ್‌ನ ಮುಂದಿನ ಚಕ್ರದ ಮೇಲಿನ ಬಾಡಿಯ ಕಮಾನು 14 ಮಿ.ಮೀ. ಮೇಲೇಳುತ್ತದೆ. ಹಾಗಾದರೆ ಈಗ ಹಿಚ್ ಬೇಕಲ್ಲವೇ?

ಉತ್ತರ (ಚಿಕ್ಕಮಗಳೂರಿನಿಂದ)

ಮೊದಲು ಪಿಕಪ್‌ನ ಕೈಪಿಡಿ ನೋಡಿ. ಬಾಲ್ ಮೇಲೆ ಎಷ್ಟು ಭಾರ ಹೇರಬಹುದೆಂದು ಅದರಲ್ಲಿರುತ್ತದೆ. ಭಾರ ಹಂಚುವ ಹಿಚ್ ಹಾಕಬಾರದೆಂದು ಕೆಲವು ವಾಹನಗಳ ತಯಾರಕರು ಸ್ಪಷ್ಟವಾಗಿ ಬರೆದಿರುತ್ತಾರೆ. ಬಾಲ್‌ನ ಅಳತೆಯನ್ನೂ ಗಮನಿಸಿ. ಅಮೆರಿಕದ ಎರಡು ಇಂಚಿನ ಬಾಲ್ 50.8 ಮಿ.ಮೀ. ಇರುತ್ತದೆ, ನಿಮ್ಮ ಟ್ರೇಲರ್‌ನ ಕಪ್ಲರ್ (ಬಾಲನ್ನು ಹಿಡಿಯುವ ಬಟ್ಟಲು) 50 ಮಿ.ಮೀ. ಬಾಲ್‌ಗೆಂದು ಮಾಡಿದ್ದಾದರೆ ಅದರ ಮೇಲೆ ಸರಿಯಾಗಿ ಕೂರದು. ಟ್ರೇಲರ್‌ನ ಮುಂಭಾಗ ಒಂಟಿ ಕಂಬದ್ದಾಗಿದ್ದರೆ ಬಾರ್‌ಗಳ ಸರಪಳಿ ಕಟ್ಟಲು ಜಾಗ ಸಿಗುವುದು ಕಷ್ಟ. ಟ್ರೇಲರ್ ತಾನೇ ಮುಂದೊತ್ತಿ ಬ್ರೇಕ್ ಹಿಡಿಯುವ ಬಗೆಯದಾದರೆ, ಆ ಬ್ರೇಕ್‌ಗೂ ಹಿಚ್‌ಗೂ ಹೊಂದುತ್ತದೆಯೇ ಎಂದು ಎರಡೂ ಕಡೆಯ ತಯಾರಕರನ್ನು ಕೇಳಲೇಬೇಕು.

ನಾನು ಒಮ್ಮೆ ಉಜ್ಜುವ ಬಗೆಯ ಓಲಾಟ ತಡೆಯನ್ನು (ತಿಕ್ಕಾಟದಿಂದ ಓಲಾಟ ತಗ್ಗಿಸುವ, ಹಿಚ್‌ಗೆ ಸೇರಿಸುವ ಸಾಧನ) ಕಳಚದೆ ತೋಟದ ಗೇಟಿನಲ್ಲಿ ರಿವರ್ಸ್ ತೆಗೆದು ಅದರ ಬ್ರಾಕೆಟ್ ಬಾಗಿಸಿಕೊಂಡೆ. ರಿವರ್ಸ್‌ಗೆ ಮುನ್ನ ಅದನ್ನು ಕಳಚಬೇಕು. ಜಾರುವ ರಸ್ತೆಯಲ್ಲಿ ಸಡಿಲಿಸಬೇಕು. ಕೊಟ್ಟಿಗೆಹಾರದ ಮಳೆಗಾಲವನ್ನು ಬಲ್ಲ ನಮಗೆ, ವರ್ಷದಲ್ಲಿ ಎಷ್ಟು ತಿಂಗಳು ಅದು ಉಪಯೋಗಕ್ಕೆ ಬರುತ್ತದೆಂಬುದೂ ಯೋಚಿಸತಕ್ಕ ವಿಷಯ.

ಉತ್ತರ (ಹಾಸನದಿಂದ)

ಲೆಕ್ಕ ನೋಡೋಣ. ಪಿಕಪ್‌ನ ಎರಡು ಆಕ್ಸಲ್‌ಗಳ ನಡುವೆ 3.1 ಮೀಟರ್, ಹಿಂದಿನ ಆಕ್ಸಲ್‌ನಿಂದ ಬಾಲ್‌ಗೆ 1.2 ಮೀಟರ್ ಎಂದಿಟ್ಟುಕೊಂಡರೆ, 125 ಕಿಲೋ ಭಾರ ಮುಂದಿನ ಚಕ್ರಗಳಿಂದ ಸುಮಾರು 48 ಕಿಲೋ ಎತ್ತುತ್ತದೆ ಮತ್ತು ಹಿಂದಿನ ಆಕ್ಸಲ್‌ಗೆ ಸುಮಾರು 173 ಕಿಲೋ ಕೂಡಿಸುತ್ತದೆ. ಇದು ಗಾಬರಿಪಡುವಷ್ಟಲ್ಲ. 125 ಕಿಲೋ ಎಂದರೆ 275 ಪೌಂಡ್. ಪಿಕಪ್‌ನ ಸಾಮಾನು ಸೇರಿದರೂ 400 ಪೌಂಡಿನ ಬಾರ್ ಸಾಕು. 1,000 ಪೌಂಡಿನದು ನಿಮ್ಮ ಭಾರಕ್ಕೆ ಬಾಗುವುದೇ ಇಲ್ಲ. ನಮ್ಮ ರಸ್ತೆಗಳ ಪ್ರತಿ ಹಂಪಿನಲ್ಲೂ ಆ ಪೆಟ್ಟೆಲ್ಲ ಟ್ರೇಲರ್‌ನ ಫ್ರೇಮಿಗೆ ಬೀಳುತ್ತದೆ.

ಹಾಕಿಸಿದರೆ ಕಮಾನಿನ ಎತ್ತರವನ್ನು ಮೂರು ಸಲ ಅಳೆಯಿರಿ: ಟ್ರೇಲರ್ ಇಲ್ಲದೆ, ಕಟ್ಟಿದ ಮೇಲೆ, ಬಾರ್ ಬಿಗಿದ ಮೇಲೆ. ಎದ್ದ 14 ಮಿ.ಮೀ.ಯಲ್ಲಿ ಕನಿಷ್ಠ ಅರ್ಧವಾದರೂ ಇಳಿಯಬೇಕು. ಆದರೆ ಟ್ರೇಲರ್ ಇಲ್ಲದಾಗಿನ ಎತ್ತರಕ್ಕಿಂತ ಕೆಳಗೆ ಹೋಗುವಂತೆ ಬಿಗಿಯಬಾರದು.

ಒಂದು ಮಾತು ಒತ್ತಿ ಹೇಳುತ್ತೇನೆ. ನಿಮ್ಮ ಟ್ರೇಲರ್‌ಗೆ ಸ್ವಂತ ಬ್ರೇಕ್ ಇದೆಯೋ ಇಲ್ಲವೋ ನೀವು ಬರೆದಿಲ್ಲ. ಇಲ್ಲವಾದರೆ ಹಿಚ್‌ಗೆ ಕೂಡಿಸಿಟ್ಟ ಹಣವನ್ನು ಮೊದಲು ಅದಕ್ಕೆ ಖರ್ಚು ಮಾಡಿ. ಮಾರನಹಳ್ಳಿಯಿಂದ ಗುಂಡ್ಯದ ಕಡೆಗೆ ಶಿರಾಡಿ ಘಾಟಿ ಇಳಿಯುವಾಗ ಹಿಂದಿನಿಂದ 940 ಕಿಲೋ ತಳ್ಳುತ್ತಿರುತ್ತದೆ. ಅದನ್ನು ಯಾವ ಸ್ಪ್ರಿಂಗ್ ಬಾರ್ ಕೂಡ ತಡೆಯಲಾರದು.

ಪ್ರಶ್ನೆ ಕೇಳಿದವರು (ಮೂಡಿಗೆರೆಯಿಂದ)

ಬ್ರೇಕ್ ಇಲ್ಲ. ಈ ವಾರವೇ ಅದರ ಕೆಲಸ ಹಿಡಿಸುತ್ತೇನೆ. ಅದಾದ ಮೇಲೆ ಮತ್ತೆ ತೂಗಿಸಿ, ಅಂಕಿಗಳನ್ನು ಇಲ್ಲಿಯೇ ಬರೆಯುತ್ತೇನೆ. ಇಬ್ಬರಿಗೂ ಕೃತಜ್ಞತೆಗಳು.