ಕನ್ನಡ ಹೆಸರುಗಳಿರುವ ವಿಕಾಸವೃಕ್ಷ: ದತ್ತಾಂಶ ಎಲ್ಲಿಂದ, ತಿದ್ದುಪಡಿ ಎಲ್ಲಿಗೆ?

ಪ್ರಶ್ನೆ: ಅಧ್ಯಾಪಿಕೆ, ಬದಿಯಡ್ಕ

ನಾನು ಬದಿಯಡ್ಕದ ಸಮೀಪದ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ನಮ್ಮ ಮಕ್ಕಳು ಶಾಲೆಯ ಸುತ್ತಲಿನ 38 ಬಗೆಯ ಮರಗಳನ್ನು ಪಟ್ಟಿ ಮಾಡಿದ್ದಾರೆ. ಹಲಸಿಗೂ ಅತ್ತಿಗೂ ನಂಟಿದೆಯೇ ಎಂದು ಒಬ್ಬ ಹುಡುಗ ಕೇಳಿದ್ದರಿಂದ, ಅವೆಲ್ಲವನ್ನೂ ಒಂದೇ ವಿಕಾಸವೃಕ್ಷದಲ್ಲಿ ತೋರಿಸಬೇಕೆಂದು ಹೊರಟೆ. ಪ್ರಬಂಧಗಳಲ್ಲಿ ಸಿಕ್ಕಿದ್ದು ಚಿತ್ರಗಳು ಮಾತ್ರ. ಅವುಗಳನ್ನು ನೋಡಿ ನ್ಯೂವಿಕ್ ರೂಪದಲ್ಲಿ (ವಿಕಾಸವೃಕ್ಷವನ್ನು ಹೆಸರು, ಚಿಹ್ನೆಗಳ ಸಾಲಾಗಿ ಬರೆಯುವ ವಿಧಾನ) ಕೈಯಾರೆ ಬರೆದ ಕಡತವನ್ನು ತಂತ್ರಾಂಶ ತೆರೆಯುತ್ತಲೇ ಇಲ್ಲ. ‘ಹೊನ್ನೆ (ಕಡಲತೀರ)’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ತರಗತಿಯಲ್ಲಿ ಕಣ್ಣು ಕಾಣದ ಒಬ್ಬಳು ವಿದ್ಯಾರ್ಥಿನಿಯೂ ಇರುವುದರಿಂದ, ಗೋಡೆಗೆ ಅಂಟಿಸುವ ಚಿತ್ರವೊಂದೇ ನನಗೆ ಸಾಲದು. ದಯವಿಟ್ಟು ದಾರಿ ತೋರಿಸಿ.

ಉತ್ತರ 1: ತಂತ್ರಾಂಶ ಬರೆಯುವವನು, ಕುಂಬಳೆ

ಟೀಚರ್, ತೊಂದರೆ ಇರುವುದು ನಿಮ್ಮ ಆವರಣ ಚಿಹ್ನೆಯಲ್ಲಿ. ನ್ಯೂವಿಕ್‌ನಲ್ಲಿ ಆವರಣವೆಂದರೆ ಒಂದು ಕವಲು, ಅಲ್ಪವಿರಾಮವೆಂದರೆ ಒಡಹುಟ್ಟು, ಅರ್ಧವಿರಾಮವೆಂದರೆ ಮರದ ಕೊನೆ:

((ಹಲಸು,ಹೆಬ್ಬಲಸು),ಅತ್ತಿ);

ಹಲಸು ಮತ್ತು ಹೆಬ್ಬಲಸು ಒಂದೇ ಕುಲದವು, ಅತ್ತಿ ಅದೇ ಕುಟುಂಬದ ಬೇರೆ ಕುಲದ್ದು ಎಂಬುದನ್ನು ಈ ಒಂದು ಸಾಲು ಹೇಳುತ್ತದೆ; ನಿಮ್ಮ ಹುಡುಗನಿಗೆ ಉತ್ತರವೂ ಇದೇ. ಹೆಸರಿನೊಳಗೆ ಆವರಣ ಬಂದರೆ ತಂತ್ರಾಂಶ ಅದನ್ನು ಹೊಸ ಕವಲೆಂದೇ ಓದುತ್ತದೆ. ಇಡೀ ಹೆಸರನ್ನು ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಇಟ್ಟರೆ ಸರಿಯಾಗುತ್ತದೆ. ಅಂದಹಾಗೆ, ನ್ಯೂವಿಕ್ ಎಂಬುದು ವಿಜ್ಞಾನಿಯ ಹೆಸರಲ್ಲ: 1986ರಲ್ಲಿ ಈ ರೂಪವನ್ನು ಒಪ್ಪಿಕೊಂಡವರು ಊಟಕ್ಕೆ ಸೇರಿದ್ದ ಅಮೆರಿಕದ ಒಂದು ಹೋಟೆಲಿನ ಹೆಸರು.

ಆದರೂ ಕನ್ನಡ ಹೆಸರುಗಳನ್ನು ಮರದೊಳಗೇ ಬರೆಯಬೇಡಿ ಎಂಬುದು ನನ್ನ ಸಲಹೆ. ಕಡಲತೀರದ ಕ್ಯಾಲೋಫಿಲಮ್ ಇನೋಫಿಲಮ್ ಕೂಡ ಹೊನ್ನೆ, ಕಾಡಿನ ಟೆರೋಕಾರ್ಪಸ್ ಮಾರ್ಸೂಪಿಯಮ್ ಕೂಡ ಹೊನ್ನೆ. ಎರಡನೆಯದು ಅವರೆ, ತೊಗರಿಗಳ ಕುಟುಂಬಕ್ಕೆ ಸೇರಿದ್ದು, ಮೊದಲನೆಯದಕ್ಕೆ ಆ ಕುಟುಂಬದ ಗೊಡವೆಯೇ ಇಲ್ಲ. ಮರದ ಎಲೆಗಳಲ್ಲಿ, ಅಂದರೆ ಕವಲುಗಳ ತುದಿಗಳಲ್ಲಿ, ಗುರುತಿನ ಸಂಖ್ಯೆಗಳು ಮಾತ್ರ ಇರಲಿ. ಕನ್ನಡ, ತುಳು, ಮಲಯಾಳಂ ಹೆಸರುಗಳು ಪ್ರತ್ಯೇಕ ಕೋಷ್ಟಕದಲ್ಲಿದ್ದರೆ ಹೆಬ್ಬಲಸನ್ನು ಪೆಜ ಎನ್ನುವ ಮಗುವಿಗೂ ಆಞ್ಞಿಲಿ ಎನ್ನುವ ಮಗುವಿಗೂ ಅದೇ ಮರ ಸಿಗುತ್ತದೆ.

ಉತ್ತರ 2: ಸಸ್ಯಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ, ಪೆರಿಯ

ಆ ಸಂಖ್ಯೆಗಳು ಓಪನ್ ಟ್ರೀ ಆಫ್ ಲೈಫ್ ಯೋಜನೆಯಲ್ಲಿ ಸಿಗುತ್ತವೆ. ಪ್ರಬಂಧದ ಚಿತ್ರ ನೋಡಿ ಬರೆದುಕೊಳ್ಳುವ ಕಷ್ಟ ನಿಮ್ಮೊಬ್ಬರದೇ ಅಲ್ಲ. ಸುಮಾರು 7,500 ಪ್ರಬಂಧಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಆರರಲ್ಲಿ ಹೆಚ್ಚುಕಡಿಮೆ ಒಂದರ ದತ್ತಾಂಶವನ್ನು ಮಾತ್ರ ಸಾರ್ವಜನಿಕ ಸಂಗ್ರಹಗಳಲ್ಲಿ ಇಡಲಾಗಿತ್ತು. ಹೀಗೆ ಚದುರಿದ್ದ ಮರಗಳನ್ನು ಜೀವಿವರ್ಗೀಕರಣದ ಪಟ್ಟಿಗಳೊಂದಿಗೆ ಹೊಲಿದು 2015ರಲ್ಲಿ ಸುಮಾರು 23 ಲಕ್ಷ ತುದಿಗಳ ಒಂದೇ ಮರವನ್ನು ಈ ಯೋಜನೆ ಪ್ರಕಟಿಸಿತು.

ನಿಮ್ಮ 38 ವೈಜ್ಞಾನಿಕ ಹೆಸರುಗಳನ್ನು ಮೊದಲು ಅದರ ನಾಮಹೊಂದಾಣಿಕೆ ಸೇವೆಗೆ ಕೊಡಿ. ಸಂಪಿಗೆಯನ್ನು ಹಳೆಯ ಪುಸ್ತಕ ನೋಡಿ ಮೈಕೀಲಿಯಾ ಚಂಪಕ ಎಂದು ಬರೆದಿದ್ದರೂ ಈಗಿನ ಮ್ಯಾಗ್ನೋಲಿಯಾ ಚಂಪಕಕ್ಕೆ ಜೋಡಿಸಿ, ಸಂಖ್ಯೆ ಕೊಡುವುದು ಅದರ ಕೆಲಸ. ಆ ಸಂಖ್ಯೆಗಳನ್ನು ಮರಳಿ ಕೊಟ್ಟರೆ ನಿಮ್ಮ ಮರಗಳಷ್ಟೇ ಇರುವ ಉಪವೃಕ್ಷ ನ್ಯೂವಿಕ್‌ನಲ್ಲಿ ಬರುತ್ತದೆ. ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ರಾಟಲ್ (rotl) ಪ್ಯಾಕೇಜ್ ಇದಿಷ್ಟನ್ನೂ ಮಾಡುತ್ತದೆ. ಆದರೆ ಈ ಮರದಲ್ಲಿ ಕೊಂಬೆಗಳ ಉದ್ದಕ್ಕೆ ಅರ್ಥವಿಲ್ಲ. ಎಷ್ಟು ಕೋಟಿ ವರ್ಷಗಳ ಹಿಂದೆ ಕವಲೊಡೆಯಿತು ಎಂಬುದನ್ನು ಇದರಿಂದ ಹೇಳಲಾಗದು. ಕೆಲವು ಕವಲುಗಳಿಗೆ ಆಧಾರ ವರ್ಗೀಕರಣ ಮಾತ್ರ, ಡಿಎನ್‌ಎ ಅಧ್ಯಯನವಲ್ಲ. ಅಂಥ ಕಡೆ ಹಲವು ಕೊಂಬೆಗಳು ಒಂದೇ ಗೆಣ್ಣಿನಿಂದ ಹೊರಟಂತೆ ಕಾಣುವುದುಂಟು. ಅದನ್ನು ತಪ್ಪೆಂದು ತಿದ್ದಲು ಹೋಗದೆ, ನಮಗೆ ಇನ್ನೂ ತಿಳಿಯದ ಜಾಗವೆಂದು ಮಕ್ಕಳಿಗೆ ತೋರಿಸಿ.

ನಿಜವಾದ ತಪ್ಪು ಕಂಡರೆ ನಿಮ್ಮ ಕಡತದಲ್ಲಷ್ಟೇ ತಿದ್ದಿ ಸುಮ್ಮನಾಗಬೇಡಿ. ಓಪನ್ ಟ್ರೀಯಲ್ಲಿ ಪ್ರತಿ ಅಧ್ಯಯನದ ಮರವೂ ಕಡತಗಳ ಬದಲಾವಣೆಗಳ ಲೆಕ್ಕವಿಡುವ ಗಿಟ್ ಭಂಡಾರದಲ್ಲಿರುವುದರಿಂದ ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬುದು ದಾಖಲಾಗುತ್ತದೆ. ಒಂದು ತಪ್ಪನ್ನು ಸರಿಯಾದ ವಿವರಗಳೊಂದಿಗೆ ಅಂಥ ಭಂಡಾರಗಳಿರುವ ಜಾಲತಾಣ ಗಿಟ್‌ಹಬ್‌ನಲ್ಲಿ ವರದಿ ಮಾಡುವುದಕ್ಕೆ ಪ್ರೋಗ್ರಾಮಿಂಗ್ ಬರಬೇಕಾಗಿಲ್ಲ. ಕನ್ನಡ ಹೆಸರುಗಳಿಗೆ ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ದತ್ತಾಂಶ ತಾಣ ವಿಕಿಡೇಟಾ ಸೂಕ್ತ. ಅಲ್ಲಿ ಜೀವಿಗಳ ಪುಟಗಳಲ್ಲಿ ಓಪನ್ ಟ್ರೀ ಸಂಖ್ಯೆಯನ್ನೂ ದಾಖಲಿಸಬಹುದಾದ್ದರಿಂದ ನಿಮ್ಮ ಮಕ್ಕಳ ಕೋಷ್ಟಕ ಎಲ್ಲರ ಉಪಯೋಗಕ್ಕೂ ಬರುತ್ತದೆ.

ಉತ್ತರ 3: ಜಾಲತಾಣ ವಿನ್ಯಾಸಕಿ, ಮಂಜೇಶ್ವರ

ಚಿತ್ರದ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಹಿಂದೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಚಿತ್ರ ಬಿಡಿಸುವ ಸಾಧನ ಮ್ಯಾಟ್‌ಪ್ಲಾಟ್‌ಲಿಬ್‌ನಿಂದ ಮರ ಬಿಡಿಸಿದಾಗ ಹೊನ್ನೆಯ ಒತ್ತಕ್ಷರ ಕೆಳಗೆ ಕೂರದೆ ಬದಿಗೆ ಬಿದ್ದಿತ್ತು. ಅದೇ ಮರವನ್ನು ಬ್ರೌಸರಿನಲ್ಲಿ ಎಸ್‌ವಿಜಿ (ಬ್ರೌಸರೇ ಬಿಡಿಸುವ ಚಿತ್ರರೂಪ) ಆಗಿ ತೋರಿಸಿದರೆ ಕನ್ನಡ ಸರಿಯಾಗಿಯೇ ಮೂಡುತ್ತದೆ.

ಕಣ್ಣು ಕಾಣದ ವಿದ್ಯಾರ್ಥಿನಿಗೆ ಆ ಎಸ್‌ವಿಜಿಯೂ ಬೇಡ. ನ್ಯೂವಿಕ್‌ನ ಆವರಣದೊಳಗೆ ಆವರಣ ಇರುವಂತೆಯೇ ಜಾಲಪುಟಗಳನ್ನು ಬರೆಯುವ ಎಚ್‌ಟಿಎಂಎಲ್‌ನಲ್ಲಿ ಪಟ್ಟಿಯೊಳಗೆ ಪಟ್ಟಿ ಬರೆಯಬಹುದು. ಒಂದನ್ನು ಇನ್ನೊಂದಕ್ಕೆ ಪರಿವರ್ತಿಸಲು ಸಣ್ಣ ಪ್ರೋಗ್ರಾಂ ಸಾಕು. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಅದನ್ನು ಓದುವಾಗ ಪ್ರತಿ ಪಟ್ಟಿಯಲ್ಲಿ ಎಷ್ಟು ಅಂಶಗಳಿವೆ ಎಂದು ಮೊದಲೇ ಹೇಳುತ್ತದೆ, ಈಸ್ಪೀಕ್ ಧ್ವನಿಯಲ್ಲಿ ಕನ್ನಡವನ್ನೂ ಓದುತ್ತದೆ. ಕವಲುಗಳಿಗೆ ‘ಹಲಸಿನ ಕುಲ’, ‘ಅತ್ತಿ, ಹಲಸುಗಳ ಕುಟುಂಬ’ ಎಂದು ಹೆಸರು ಕೊಡುವುದನ್ನು ಮಾತ್ರ ಮರೆಯಬೇಡಿ. ಬರೀ ‘ಪಟ್ಟಿ, 2 ಅಂಶಗಳು’ ಎಂದು ಕೇಳುತ್ತಾ ಹೋದರೆ ಯಾವ ಕೊಂಬೆಯಲ್ಲಿದ್ದೇವೆ ಎಂಬುದು ತಪ್ಪಿಹೋಗುತ್ತದೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ವಂದನೆಗಳು. ಈವತ್ತು 38 ಹೆಸರುಗಳನ್ನೂ ಕೊಟ್ಟು ನೋಡಿದೆ. 35 ನೇರವಾಗಿ ಹೊಂದಿದವು, ಉಳಿದ ಮೂರರಲ್ಲಿ ಎರಡು ನನ್ನದೇ ಕಾಗುಣಿತದ ತಪ್ಪುಗಳು. ಮೂರನೆಯದರ ಎಲೆ ಮತ್ತು ಕಾಯಿಯನ್ನು ಸೋಮವಾರ ಮಕ್ಕಳೊಂದಿಗೆ ಮತ್ತೊಮ್ಮೆ ನೋಡಿ, ಬಳಿಕ ಇಲ್ಲಿ ಬರೆಯುತ್ತೇನೆ.