ಎರೆಗೊಬ್ಬರದ ತೊಟ್ಟಿ ತುಂಬ ಬಿಳಿ ನುಸಿ, ತೆಂಗಿನಕಾಯಿಯಲ್ಲೂ ನುಸಿ, ಕೈಯಲ್ಲಿ ತುರಿಕೆ: ಮೂರೂ ಒಂದೇನಾ?

ಪೆರ್ಲದ ತೋಟ:
ಎಲ್ಲರಿಗೂ ನಮಸ್ಕಾರ. ನಮ್ಮದು ಪೆರ್ಲದ ಹತ್ತಿರ ಸಣ್ಣ ಅಡಿಕೆ ತೋಟ, ಬದಿಯಲ್ಲಿ ಇಪ್ಪತ್ತು ತೆಂಗು. ಹಟ್ಟಿಯ ಹಿಂದೆ ಎರೆಗೊಬ್ಬರದ ಸಿಮೆಂಟ್ ತೊಟ್ಟಿ ಇದೆ. ತೆಂಗಿನ ಮಡಲು, ಸೆಗಣಿ, ಅಡುಗೆಮನೆಯ ಕಸ ಹಾಕುತ್ತೇವೆ. ನಾಲ್ಕು ವರ್ಷದಿಂದ ಏನೂ ತೊಂದರೆ ಇರಲಿಲ್ಲ.

ಹತ್ತು ದಿನದಿಂದ ತೊಟ್ಟಿಯ ಮೇಲೆ ಅಕ್ಕಿಹಿಟ್ಟು ಚೆಲ್ಲಿದ ಹಾಗೆ ಕಾಣುತ್ತಿದೆ. ಬಗ್ಗಿ ನೋಡಿದರೆ ಆ ಹಿಟ್ಟು ಚಲಿಸುತ್ತದೆ. ಲಕ್ಷಗಟ್ಟಲೆ ಇರಬಹುದು. ಎರೆಹುಳಗಳು ಕಡಿಮೆಯಾದ ಹಾಗಿದೆ. ಅದೇ ಹೊತ್ತಿಗೆ ತೆಂಗಿನಕಾಯಿಗಳ ತೊಟ್ಟಿನ ಕೆಳಗೆ ಕಂದು ಕಲೆ, ಬಿರುಕು. ಸಾಲದ್ದಕ್ಕೆ ನನಗೂ ಅತ್ತೆಗೂ ಕೈಯಲ್ಲಿ ಕೆಂಪು ಗುಳ್ಳೆ, ಸಹಿಸಲಾಗದ ತುರಿಕೆ.

ಗೊಬ್ಬರದ ನುಸಿಯೇ ತೆಂಗಿನ ಮರ ಹತ್ತಿದೆ, ಅದೇ ನಿಮ್ಮನ್ನೂ ಕಚ್ಚುತ್ತಿದೆ ಎಂದು ನೆರೆಮನೆಯವರು ಹೇಳಿದರು. ಅಂಗಡಿಯಲ್ಲಿ ಒಂದು ಬಾಟಲಿ ಕೀಟನಾಶಕ ಕೊಟ್ಟು, ತೊಟ್ಟಿಗೂ ಹೊಯ್ಯಿರಿ, ಮರಕ್ಕೂ ಹೊಡೆಯಿರಿ ಎಂದಿದ್ದಾರೆ. ಬಾಟಲಿ ಇನ್ನೂ ತೆರೆದಿಲ್ಲ. ತೆರೆಯಬೇಕಾ?

ನೀರ್ಚಾಲು ಮಾಷ್ಟ್ರು:
ತೆರೆಯಬೇಡಿ ಅಕ್ಕ. ತೊಟ್ಟಿಗೆ ಅದನ್ನು ಹೊಯ್ದರೆ ಮೊದಲು ಸಾಯುವುದು ಎರೆಹುಳ. ಆಮೇಲೆ ಆ ಗೊಬ್ಬರ ಯಾವ ಗಿಡಕ್ಕೂ ಹಾಕಲು ಧೈರ್ಯ ಬರುವುದಿಲ್ಲ.

ಒಂದಷ್ಟು ಹೇಳಿ. ಕಳೆದ ಎರಡು ವಾರದಲ್ಲಿ ತೊಟ್ಟಿಗೆ ಹೊಸದಾಗಿ ಏನು ಹಾಕಿದಿರಿ? ಆ ಬಿಳಿ ನುಸಿ ನಿಧಾನವಾಗಿ ತೆವಳುತ್ತದಾ, ಚುರುಕಾಗಿ ಓಡುತ್ತದಾ? ಗುಳ್ಳೆಗಳು ಬೆರಳ ಸಂದಿಯಲ್ಲಿವೆಯಾ ಅಥವಾ ಮೊಣಕೈ ಕಡೆಗಾ? ಮನೆಯ ಉಳಿದವರಿಗೆ ಇದೆಯಾ? ಜ್ವರ ಏನಾದರೂ? ಮೈಯಲ್ಲಿ ಎಲ್ಲಾದರೂ ಬೀಡಿಯಿಂದ ಸುಟ್ಟ ಹಾಗೆ ಕಪ್ಪು ಹೊಪ್ಪಳೆ ಇದೆಯಾ? ಕೋಳಿ ಸಾಕುತ್ತೀರಾ?

ಕೊನೆಯ ಎರಡು ಪ್ರಶ್ನೆ ಸುಮ್ನೆ ಕೇಳಿದ್ದಲ್ಲ, ದಯವಿಟ್ಟು ಸರಿಯಾಗಿ ನೋಡಿ.

ಪೆರ್ಲದ ತೋಟ:
ಮಾಷ್ಟ್ರೇ, ಹಲಸು! ಈ ಸಲ ಬೆಳೆ ಜಾಸ್ತಿ. ಸಿಪ್ಪೆ, ಗೂಂಜು, ಕೊಳೆತ ಸೊಳೆ ಎಲ್ಲ ಎರಡು ಬುಟ್ಟಿ ತೊಟ್ಟಿಗೇ ಹಾಕಿದೆವು. ಮಳೆ ನೀರೂ ಬದಿಯಿಂದ ಒಳಗೆ ಇಳಿಯುತ್ತಿದೆ. ಬಿಳಿ ನುಸಿ ತುಂಬ ನಿಧಾನ. ಹೊಟ್ಟೆ ತುಂಬಿದ ಬಿಳಿ ಗುಂಡಿನ ಹಾಗಿದೆ.

ಜ್ವರ ಇಲ್ಲ, ಕಪ್ಪು ಹೊಪ್ಪಳೆಯೂ ಇಲ್ಲ. ಬೆರಳ ಸಂದಿಯಲ್ಲಿ ಏನೂ ಇಲ್ಲ. ಗುಳ್ಳೆ ಇರುವುದು ಮುಂಗೈ ಮತ್ತು ಮೊಣಕೈ ನಡುವೆ. ಯಜಮಾನರಿಗೆ, ಮಗಳಿಗೆ ಇಲ್ಲ. ಕೋಳಿ ಇದೆ. ತೊಟ್ಟಿಯ ಪಕ್ಕದ ಕೊಟ್ಟಿಗೆಯಲ್ಲಿ ಒಂದು ಹೇಂಟೆ ಬುಟ್ಟಿಯಲ್ಲಿ ಕಾವಿಗೆ ಕೂತಿತ್ತು, ಮರಿ ಆಗಿ ನಾಲ್ಕು ದಿನ.

ನೀರ್ಚಾಲು ಮಾಷ್ಟ್ರು:
ಹಾಗಾದರೆ ನಿಮ್ಮಲ್ಲಿರುವುದು ಒಂದು ನುಸಿಯಲ್ಲ, ಮೂರು. ಒಂದಕ್ಕೊಂದು ಸಂಬಂಧವೇ ಇಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಇದನ್ನು ಬಿಡಿಸಿ ಹೇಳದೆ ನನಗೆ ಸಮಾಧಾನ ಇಲ್ಲ.

ನಾವು ಕಣ್ಣಿಗೆ ಕಾಣುವುದೂ ಕಾಣದಿರುವುದೂ ಎಲ್ಲವನ್ನೂ ನುಸಿ ಎಂದುಬಿಡುತ್ತೇವೆ. ಕೋಳಿಯ ಮೇಲಿದ್ದರೆ ಹೇನು, ದನದ ಮೇಲಿದ್ದರೆ ಉಣ್ಣೆ. ಆದರೆ ಹೇನು ಕೀಟ, ಅದಕ್ಕೆ ಆರು ಕಾಲು. ನುಸಿ ಮತ್ತು ಉಣ್ಣೆ ಜೇಡ, ಚೇಳುಗಳ ಬಳಗ. ಬೆಳೆದ ನುಸಿಗೆ ಸಾಮಾನ್ಯವಾಗಿ ಎಂಟು ಕಾಲು. ಮೊಟ್ಟೆಯಿಂದ ಆಗಷ್ಟೇ ಬಂದ ಮರಿಗೆ ಮಾತ್ರ ಆರು, ಅದಕ್ಕೇ ಎಷ್ಟೋ ಜನ ಮೋಸ ಹೋಗುತ್ತಾರೆ. ಇಲ್ಲಿಯವರೆಗೆ ಹೆಸರಿಟ್ಟ ಜಾತಿಗಳೇ 50 ಸಾವಿರದ ಆಸುಪಾಸು. ಇವುಗಳಲ್ಲಿ ಎರಡು ದೊಡ್ಡ ಕವಲು. ಒಂದರಲ್ಲಿ ಉಣ್ಣೆ, ಕೋಳಿ ನುಸಿ, ಜೇನಿನ ವರೋವಾ, ಮಣ್ಣಿನಲ್ಲಿ ಬೇಟೆಯಾಡುವ ನುಸಿ. ಇನ್ನೊಂದರಲ್ಲಿ ಕಸ ತಿನ್ನುವ ನುಸಿ, ಹಾಸಿಗೆ ಧೂಳಿನ ನುಸಿ, ಕಜ್ಜಿ ನುಸಿ, ಎಲೆಯ ಕೆಂಪು ನುಸಿ, ತೆಂಗಿನ ನುಸಿ. ನೋಡಿ, ಮಣ್ಣಲ್ಲಿ ಒಣ ಎಲೆ ತಿನ್ನುವ ಪಾಪದ ನುಸಿಗೆ ನಮ್ಮ ಚರ್ಮ ಕೊರೆಯುವ ಕಜ್ಜಿ ನುಸಿ ಹತ್ತಿರದ ನೆಂಟ. ಕೋಳಿ ನುಸಿ ಅದಕ್ಕೆ ದೂರದ್ದು. ಏನು ತಿನ್ನುತ್ತದೆ ಎಂದು ನೋಡಿ ನೆಂಟಸ್ತಿಕೆ ಹೇಳಲು ಆಗುವುದಿಲ್ಲ.

ಈಗ ನಿಮ್ಮ ತೊಟ್ಟಿ. ನಿಧಾನ, ಬಿಳಿ, ಹೊಳಪು, ಗುಂಡಗೆ: ಇದು ಕೊಳೆತ ಸಿಹಿ ಪದಾರ್ಥ ತಿನ್ನುವ ನುಸಿ. ಹಳೆ ಹಿಟ್ಟಿನಲ್ಲಿ ಬರುವ ನುಸಿಯ ಗುಂಪು. ಎರೆಹುಳವನ್ನು ಕಚ್ಚುವುದಿಲ್ಲ, ನಿಮ್ಮನ್ನೂ ಕಚ್ಚುವುದಿಲ್ಲ. ಹಲಸು ಹುಳಿತು, ನೀರು ನಿಂತಿತು, ಗಾಳಿ ಹೋಯಿತು. ನುಸಿಗೆ ಹಬ್ಬ, ಎರೆಹುಳಕ್ಕೆ ಉಸಿರುಗಟ್ಟು. ನುಸಿ ಬಂದದ್ದರಿಂದ ಎರೆಹುಳ ಹೋದದ್ದಲ್ಲ, ಎರಡಕ್ಕೂ ಕಾರಣ ಹಲಸು.

ಇಷ್ಟು ದಿನ ಇಲ್ಲದ್ದು ಎಲ್ಲಿಂದ ಬಂತು ಎಂದು ಕೇಳುತ್ತೀರಿ. ಈ ನುಸಿಯ ಬದುಕಿನಲ್ಲಿ ಒಂದು ವಿಚಿತ್ರ ಹಂತ ಇದೆ. ಆಹಾರ ಮುಗಿದಾಗ ಕೆಲವು ಮರಿಗಳು ಗಟ್ಟಿ ಚಿಪ್ಪಿನ ಬೇರೆಯೇ ರೂಪ ತಾಳುತ್ತವೆ. ಆಗ ಅವಕ್ಕೆ ತಿನ್ನುವ ಬಾಯಿಯೇ ಇರುವುದಿಲ್ಲ. ಹೊಟ್ಟೆಯ ಕೆಳಗಿನ ಸಣ್ಣ ಬಟ್ಟಲುಗಳಿಂದ ನೊಣಕ್ಕೋ ಜೀರುಂಡೆಗೋ ಅಂಟಿಕೊಂಡು ಹೊಸ ಜಾಗಕ್ಕೆ ಸವಾರಿ ಹೋಗುತ್ತವೆ. ಹಲಸಿಗೆ ಮುತ್ತಿದ ನೊಣ ನೆನಪಿದೆಯಲ್ವಾ? ಅವುಗಳ ಜೊತೆ ಬಂದಿರಬೇಕು.

ಮಾಡಬೇಕಾದ್ದು ಇಷ್ಟೆ. ಹಲಸಿನ ಮುದ್ದೆ ಎಲ್ಲ ಎತ್ತಿ ದೂರ ಹೂತುಬಿಡಿ. ನೀರು ಇಳಿಯುವ ಬದಿ ಮುಚ್ಚಿ, ತಳದ ತೂತು ಕಟ್ಟಿದೆಯಾ ನೋಡಿ. ಒಣ ಮಡಲು, ತರಗೆಲೆ ಚೂರು ಮಾಡಿ ಧಾರಾಳ ಬೆರೆಸಿ. ಕೈಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಬರಬಾರದು. ಮೊಟ್ಟೆ ಸಿಪ್ಪೆ ಪುಡಿ ಒಂದು ಹಿಡಿ ಹಾಕಿದರೆ ಹುಳಿ ಇಳಿಯುತ್ತದೆ. ಸಂಜೆ ಪಪ್ಪಾಯಿ ಸಿಪ್ಪೆ ಮಗುಚಿ ಇಡಿ, ಬೆಳಿಗ್ಗೆ ಅದರಡಿ ನುಸಿ ಮುದ್ದೆ ಸೇರಿರುತ್ತದೆ. ಎತ್ತಿ ಬಕೆಟ್ ಬಿಸಿನೀರಿಗೆ ಹಾಕಿ. ನಾಲ್ಕೈದು ದಿನ ಹೀಗೆ ಮಾಡಿ.

ಕೈಯ ತುರಿಕೆ ಕೋಳಿ ಬುಟ್ಟಿಯದ್ದು ಎಂದು ನನ್ನ ಅಂದಾಜು. ತೊಟ್ಟಿ ಹತ್ತಿರ ಹೋಗುವವರು ನೀವಿಬ್ಬರೇ ತಾನೇ, ಬುಟ್ಟಿ ಎತ್ತುವವರೂ ನೀವೇ. ಕಜ್ಜಿ ನುಸಿಯಾಗಿದ್ದರೆ ಬೆರಳ ಸಂದಿ, ಮಣಿಕಟ್ಟು, ಸೊಂಟದಲ್ಲಿ ಬರುತ್ತಿತ್ತು, ರಾತ್ರಿ ಜಾಸ್ತಿ ಆಗುತ್ತಿತ್ತು, ಮನೆಯವರಿಗೆಲ್ಲ ಹರಡುತ್ತಿತ್ತು. ಆಗ ವೈದ್ಯರು ಮನೆಯವರೆಲ್ಲರಿಗೂ ಒಟ್ಟಿಗೆ ಮುಲಾಮು ಕೊಡುತ್ತಾರೆ. ಕಪ್ಪು ಹೊಪ್ಪಳೆ ಕೇಳಿದ್ದು ಪೊದೆ ಟೈಫಸ್ ಜ್ವರಕ್ಕಾಗಿ. ಪೊದೆ, ಹುಲ್ಲಿನಲ್ಲಿರುವ ಒಂದು ಜಾತಿ ನುಸಿಯ ಆರು ಕಾಲಿನ ಮರಿ ಕಚ್ಚಿದರೆ ಅದು ಬರುತ್ತದೆ. ತೋಟದಲ್ಲಿ ಕೆಲಸ ಮಾಡುವವರು ಜ್ವರದ ಜೊತೆ ಆ ಗುರುತು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬೇಗ ಗೊತ್ತಾದರೆ ಗುಣವಾಗುವ ಕಾಯಿಲೆ, ತಡವಾದರೆ ಪ್ರಾಣಕ್ಕೆ ಅಪಾಯ.

ಹಗಲು ಹೊತ್ತಲ್ಲಿ ಹೇಂಟೆಯ ಹಿಂಭಾಗದ ಪುಕ್ಕ ಬಿಡಿಸಿ ನೋಡಿ. ಬುಟ್ಟಿಯ ಹುಲ್ಲನ್ನು ಬಿಳಿ ಕಾಗದದ ಮೇಲೆ ಕೊಡವಿ. ಏನು ಕಂಡಿತು ಹೇಳಿ. ತೆಂಗಿನ ವಿಷಯ ನಾಳೆ.

ಮುಳ್ಳೇರಿಯ ಜೇನು:
ಮಾಷ್ಟ್ರೇ, ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ವರೋವಾ ಹೆಸರು ತೆಗೆದಿರಿ, ಅದಕ್ಕೆ. ನನ್ನ ತುಡುವೆ ಜೇನಿನ ಪೆಟ್ಟಿಗೆಯ ತಳದಲ್ಲಿ ಕಂದು ಬಣ್ಣದ ಅಗಲ ನುಸಿ ಎರಡು ಸಿಕ್ಕಿತು. ಹೆದರಬೇಕಾ?

ನೀರ್ಚಾಲು ಮಾಷ್ಟ್ರು:
ಸಣ್ಣ ಏಡಿಯ ಹಾಗೆ ಉದ್ದಕ್ಕಿಂತ ಅಗಲ ಜಾಸ್ತಿ ಇದ್ದರೆ ವರೋವಾವೇ. ತುಡುವೆ ಮತ್ತು ಈ ನುಸಿ ಹಳೇ ಜೊತೆ. ತುಡುವೆ ಸಾಮಾನ್ಯವಾಗಿ ಗಂಡುಜೇನಿನ ಕೋಶದಲ್ಲಿ ಮಾತ್ರ ಅದಕ್ಕೆ ಸಂತಾನಕ್ಕೆ ಎಡೆ ಕೊಡುತ್ತದೆ, ಮೈಯಿಂದ ಹೆಕ್ಕಿಯೂ ಬಿಸಾಡುತ್ತದೆ. ಕುಟುಂಬ ಗಟ್ಟಿ ಇದ್ದರೆ ಸುಮ್ಮನಿರಿ. ಯುರೋಪಿನಿಂದ ತಂದು ಸಾಕುವ ಮೆಲ್ಲಿಫೆರಾ ಜೇನಾದರೆ ಬೇರೆ ಮಾತು, ಅದು ಈ ನುಸಿಯ ಜೊತೆ ಬೆಳೆದದ್ದಲ್ಲ, ಕುಟುಂಬವೇ ನಾಶವಾಗುತ್ತದೆ.

ಪೆರ್ಲದ ತೋಟ:
ಮಾಷ್ಟ್ರೇ, ನಿಮ್ಮ ಅಂದಾಜು ಸರಿ. ಕಾಗದದ ಮೇಲೆ ಕಪ್ಪು ಕೆಂಪು ಚುಕ್ಕಿಗಳು ಓಡಿದವು, ಒತ್ತಿದರೆ ರಕ್ತ. ಹೇಂಟೆಯ ಹಿಂಭಾಗದ ಪುಕ್ಕದಲ್ಲೂ ಹಗಲಲ್ಲೇ ತುಂಬ ಇದ್ದವು. ಇದನ್ನು ನಾವು ಇಷ್ಟು ವರ್ಷ ಕೋಳಿಹೇನು ಎಂದೇ ಕರೆಯುತ್ತಿದ್ದೆವು.

ನೀರ್ಚಾಲು ಮಾಷ್ಟ್ರು:
ಹಗಲಲ್ಲೂ ಕೋಳಿಯ ಮೈಮೇಲೆ ಇದ್ದರೆ ಅದು ಕಾವು ಬುಟ್ಟಿಯಲ್ಲಿ ಹೆಚ್ಚುವ ಉಷ್ಣವಲಯದ ಕೋಳಿ ನುಸಿ. ಇನ್ನೊಂದು ಜಾತಿ ಇದೆ, ಅದು ಹಗಲೆಲ್ಲ ಮರದ ಬಿರುಕಿನಲ್ಲಿ ಅಡಗಿ ರಾತ್ರಿ ಮಾತ್ರ ರಕ್ತ ಕುಡಿಯುತ್ತದೆ, ಊಟವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ. ಅದಲ್ಲದ್ದು ನಿಮ್ಮ ಪುಣ್ಯ. ಹುಲ್ಲು ಸುಡಿ, ಬುಟ್ಟಿಗೆ ಕುದಿಯುವ ನೀರು ಹೊಯ್ದು ಬಿಸಿಲು ಬಂದಾಗ ಒಣಗಿಸಿ. ಕೋಳಿಗೆ ಹಚ್ಚುವ ಔಷಧಿ ಪಶುವೈದ್ಯರನ್ನೇ ಕೇಳಿ, ಮರಿಗಳಿವೆ. ಈ ನುಸಿ ನಮ್ಮ ಮೈಯಲ್ಲಿ ನೆಲೆಸುವುದಿಲ್ಲ. ಮೂಲ ಹೋದರೆ ತುರಿಕೆಯೂ ಹೋಗುತ್ತದೆ.

ಇನ್ನು ತೆಂಗು. ಇದು ಗೊಬ್ಬರದಿಂದ ಬರಲು ಸಾಧ್ಯವೇ ಇಲ್ಲ. ತೆಂಗಿನ ನುಸಿ ಎಳೆಕಾಯಿಯ ಹಸಿ ಅಂಗಾಂಶ ಬಿಟ್ಟು ಬೇರೆಡೆ ಬದುಕದು. ಮರದಿಂದ ಮರಕ್ಕೆ ಗಾಳಿಯಲ್ಲಿ ಹಾರುತ್ತದೆ. ಆಕಾರವೂ ಬೇರೆ: ಹುಳದ ಹಾಗೆ ಉದ್ದ, ನಾಲ್ಕೇ ಕಾಲು, ಉದ್ದ ಒಂದು ಮಿಲಿಮೀಟರಿನ ಕಾಲು ಭಾಗದಷ್ಟು. ಬರಿಗಣ್ಣಿಗೆ ಕಾಣುವುದಿಲ್ಲ. ಮೆಕ್ಸಿಕೋದ ಗೆರೆರೊ ಪ್ರಾಂತ್ಯದ ಕಾಯಿಗಳಿಂದ 1965ರಲ್ಲಿ ಇದಕ್ಕೆ ಹೆಸರಿಟ್ಟರು. ಭಾರತದಲ್ಲಿ ಮೊದಲು ಕಂಡದ್ದು 1998ರಲ್ಲಿ, ನಮ್ಮದೇ ಕೇರಳ ರಾಜ್ಯದ ಎರ್ನಾಕುಳಂ ಜಿಲ್ಲೆಯಲ್ಲಿ.

ಮಗಳ ಶಾಲೆಯಲ್ಲಿ ಮೈಕ್ರೋಸ್ಕೋಪ್ ಇದ್ದರೆ ಮೂರು ನಾಲ್ಕು ತಿಂಗಳ ಒಂದು ಕಾಯಿ ಕಳಿಸಿ. ತೊಟ್ಟಿನ ಎಸಳು ಬಿಡಿಸಿ ಒಳಗಿನ ಬಿಳಿ ಭಾಗ ನೋಡಲಿ. ಅಲ್ಲೇ ಅದರ ಸಂಸಾರ. ಮೊಟ್ಟೆಯಿಂದ ಬೆಳೆದು ದೊಡ್ಡದಾಗಲು ಸುಮಾರು ಹತ್ತು ದಿನ ಸಾಕು. ಅವು ಹೀರಿದ ಜಾಗವೇ ಕಾಯಿ ಬೆಳೆದಂತೆ ಕೆಳಗಿಳಿದು, ಮೊದಲು ಹಳದಿ ತ್ರಿಕೋನ, ಆಮೇಲೆ ಕಂದು ಬಿರುಕು ಆಗುವುದು.

ಈಗ ಆಟಿ ಮಳೆಯಲ್ಲಿ ಏನು ಹೊಡೆದರೂ ತೊಳೆದುಹೋಗುತ್ತದೆ. ಕಲೆ ಬಿದ್ದ ಕಾಯಿ ಸರಿ ಆಗುವುದೂ ಇಲ್ಲ. ಸೆಪ್ಟೆಂಬರ್ ಅಕ್ಟೋಬರಿಗೆ ತಯಾರಾಗಿ. ಹತ್ತು ಲೀಟರಿಗೆ 200 ಮಿಲಿ ಬೇವಿನೆಣ್ಣೆ, 200 ಗ್ರಾಂ ಬೆಳ್ಳುಳ್ಳಿ ಅರೆದು ಸೋಸಿದ ರಸ, 50 ಗ್ರಾಂ ಬಾರ್ ಸೋಪು. ಸೋಪನ್ನು ಮೊದಲು ಬಿಸಿನೀರಲ್ಲಿ ಕರಗಿಸಿ ಎಣ್ಣೆ ಸೇರಿಸಿ ಚೆನ್ನಾಗಿ ಕಲಕಿ, ಆಮೇಲೆ ರಸ, ಆಮೇಲೆ ನೀರು. ಅದೇ ದಿನ ಮುಗಿಸಿ. ಎಳೆ ಗೊನೆಗಳಲ್ಲಿ ಕಾಯಿಯ ತೊಟ್ಟಿನ ಭಾಗಕ್ಕೆ ತಾಗಬೇಕು, ಮಡಲಿಗೆ ಹೊಡೆದು ಪ್ರಯೋಜನ ಇಲ್ಲ. ಮತ್ತೆ ಡಿಸೆಂಬರ್‌ನಿಂದ ಫೆಬ್ರವರಿಯ ಒಳಗೆ ಒಮ್ಮೆ, ಏಪ್ರಿಲ್‌ನಿಂದ ಜೂನ್ ಒಳಗೆ ಒಮ್ಮೆ. ಬುಡಕ್ಕೆ ಗೊಬ್ಬರದ ಜೊತೆ ವರ್ಷಕ್ಕೆ ಐದು ಕಿಲೋ ಬೇವಿನ ಹಿಂಡಿ. ಮರ ಹತ್ತುವವರು ಸಿಗದಿದ್ದರೆ ಬೇರಿನ ಮೂಲಕ ಬೇವಿನ ಔಷಧಿ ಕೊಡುವ ಕ್ರಮವೂ ಇದೆ, ಕೂಡ್ಲಿನ ಸಿಪಿಸಿಆರ್‌ಐಯಲ್ಲಿ (ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ) ಹೇಳಿಕೊಡುತ್ತಾರೆ.

ಆ ಬಾಟಲಿ ಬೇಡ ಎಂದದ್ದಕ್ಕೆ ಇನ್ನೊಂದು ಕಾರಣ ಇದೆ. ಅದೇ ತೊಟ್ಟಿನ ಎಸಳಿನ ಅಡಿಯಲ್ಲಿ ತೆಂಗಿನ ನುಸಿಯನ್ನು ತಿನ್ನುವ ಬೇಟೆ ನುಸಿಯೂ ಇರುತ್ತದೆ. ಅದನ್ನು ಕೊಂದರೆ ನಮ್ಮ ಕಡೆ ಕೆಲಸ ಮಾಡುವವರನ್ನೇ ಕಳೆದುಕೊಂಡ ಹಾಗೆ.

ಕುಂಬಳೆ ಹೊಸಬ:
ತೊಟ್ಟಿಯಲ್ಲಿ ಒಳ್ಳೆಯ ನುಸಿ ಇದೆಯಾ ಇಲ್ಲವಾ ಎಂದು ಮನೆಯಲ್ಲೇ ನೋಡಬಹುದಾ?

ನೀರ್ಚಾಲು ಮಾಷ್ಟ್ರು:
ಖಂಡಿತ ತಮ್ಮಾ. ಇಟಲಿಯ ಬರ್ಲೀಸ್ ಎಂಬವರು 1905ರಲ್ಲಿ ಕಂಡುಕೊಂಡ ಉಪಾಯ. ದೊಡ್ಡ ನೀರಿನ ಬಾಟಲಿ ಅರ್ಧ ಕತ್ತರಿಸಿ ಮೇಲ್ಭಾಗ ಮಗುಚಿ ಲಾಳಿಕೆ ಮಾಡು. ಕುತ್ತಿಗೆಯಲ್ಲಿ ಸೊಳ್ಳೆಬಲೆ, ಮೇಲೆ ಒಂದು ಹಿಡಿ ಗೊಬ್ಬರ, ಕೆಳಗೆ ಸ್ಪಿರಿಟ್ ಇರುವ ಲೋಟ. ಮೇಲೆ ಹಳೇ ತಂತಿ ಬಲ್ಬ್ ಒಂದು ಗೇಣು ಎತ್ತರದಲ್ಲಿ ಉರಿಸು. ಎಲ್‌ಇಡಿ ಸಾಲದು, ಬಿಸಿ ಬೇಕು. ಸ್ಪಿರಿಟ್ ಬಲ್ಬಿನ ಹತ್ತಿರ ಬರದ ಹಾಗೆ ಎಚ್ಚರ, ಮನೆಯಲ್ಲಿ ಯಾರಾದರೂ ನೋಡಿಕೊಳ್ಳುತ್ತಿರಲಿ. ಮೇಲಿನಿಂದ ಒಣಗುತ್ತಾ ಬಂದ ಹಾಗೆ ಜೀವಿಗಳು ಕೆಳಗಿಳಿದು ಬೀಳುತ್ತವೆ.

ಪೆರ್ಲದ ತೋಟ:
ಮೂರು ವಾರದ ನಂತರ ಬರೆಯುತ್ತಿದ್ದೇನೆ. ಬುಟ್ಟಿ ಸುಟ್ಟೇಬಿಟ್ಟೆವು, ಪಶುವೈದ್ಯರು ಕೋಳಿಗೆ ಔಷಧಿ ಕೊಟ್ಟರು. ಐದು ದಿನಕ್ಕೆ ತುರಿಕೆ ನಿಂತಿತು. ಅತ್ತೆ ರಾತ್ರಿ ನಿದ್ದೆ ಮಾಡುತ್ತಿದ್ದಾರೆ. ತೊಟ್ಟಿಯಲ್ಲಿ ಬಿಳಿ ಪದರ ಹೋಗಿದೆ, ಎರೆಹುಳ ಮತ್ತೆ ಮೇಲೆ ಬಂದಿವೆ.

ಮಗಳು ಬಾಟಲಿ ಲಾಳಿಕೆ ಮಾಡಿದಳು. ಶಾಲೆಯ ಮೈಕ್ರೋಸ್ಕೋಪಿನಲ್ಲಿ ನೋಡಿದರಂತೆ. ಬಿಳಿ ನುಸಿ ಕೆಲವೇ ಕೆಲವು. ಉದ್ದ ಕಾಲಿನ ಕಂದು ನುಸಿ ಹನ್ನೊಂದು. ಸಣ್ಣ ಜೀರುಂಡೆಯ ಹಾಗೆ ಕಪ್ಪು ಚಿಪ್ಪಿನವು ಮೂವತ್ತಕ್ಕೂ ಜಾಸ್ತಿ. ಆರು ಕಾಲಿನ, ಬಾಲ ಇರುವ ಬಿಳಿ ಹುಳ ಬೇರೆ. ತೆಂಗಿನ ತೊಟ್ಟಿನಲ್ಲಿ ನಾಲ್ಕು ಕಾಲಿನ ಉದ್ದ ನುಸಿಯೂ ಸಿಕ್ಕಿತು. ಅವಳು ಎಲ್ಲದರ ಚಿತ್ರ ಬರೆದಿದ್ದಾಳೆ.

ನೀರ್ಚಾಲು ಮಾಷ್ಟ್ರು:
ಓದಿ ತುಂಬ ಸಂತೋಷ ಆಯಿತು. ಓಡುವ ಕಂದು ನುಸಿ ಬೇಟೆಗಾರ, ನೊಣದ ಮೊಟ್ಟೆ, ಸಣ್ಣ ಹುಳ ತಿನ್ನುತ್ತದೆ. ಕಪ್ಪು ಚಿಪ್ಪಿನದು ಬೂಷ್ಟು ಮತ್ತು ಕೊಳೆತ ಎಲೆ ತಿಂದು ಮಣ್ಣು ಮಾಡುವಂಥದ್ದು, ಬೆಳೆಯುವುದು ನಿಧಾನ, ಮರಿ ಹಾಕುವುದೂ ಕಡಿಮೆ. ಅದು ಮೂವತ್ತು ಸಿಕ್ಕಿದೆ ಎಂದರೆ ತೊಟ್ಟಿ ಚೆನ್ನಾಗಿದೆ. ಬಾಲದ ಬಿಳಿ ಹುಳ ನುಸಿಯಲ್ಲ, ಮುಟ್ಟಿದರೆ ಚಿಮ್ಮಿ ಹಾರುತ್ತದೆ, ಅದೂ ಕಸ ತಿನ್ನುವುದೇ.

ಮಗಳ ಚಿತ್ರಗಳನ್ನು ಇಲ್ಲಿ ಹಾಕಿ ಅಕ್ಕ. ಕಾಲು ಎಣಿಸಿ ಬರೆದಿದ್ದಾಳಾ ನೋಡಬೇಕು.