ಸಾಕ್ಸ್ ಇಲ್ಲದ ನಮಾಝ್, ಟೋಪಿ ಇಲ್ಲದ ನಮಾಝ್

ಅಸ್ಸಲಾಮು ಅಲೈಕುಂ ಎಲ್ಲರಿಗೂ. ಟೈಪ್ ಮಾಡಿ ಮುಗಿಯುವ ಮಾತಲ್ಲ ಇದು, ಅದಕ್ಕೇ ವಾಯ್ಸ್ ಕಳಿಸುತ್ತಿದ್ದೇನೆ. ಶಿವಮೊಗ್ಗದವರಿಗೂ ಅರ್ಥವಾಗಲಿ ಅಂತ ಬ್ಯಾರಿ ಬಿಟ್ಟು ಕನ್ನಡದಲ್ಲೇ ಹೇಳುತ್ತೇನೆ. ಉದ್ದ ಆಗಬಹುದು, ಕೊನೆವರೆಗೂ ಕೇಳಿ.

ಮಗಳೇ, ನಿನ್ನ ಅತ್ತಿಗೆ ಸಾಕ್ಸ್ ಹಾಕದೆ ನಮಾಝ್ ಮಾಡಿದಳು, ಅದು ನಮಾಝೇ ಅಲ್ಲ ಅಂತ ಬೆಳಿಗ್ಗೆ ಗ್ರೂಪಿನಲ್ಲಿ ಬರೆದೆ. ಕೆಟ್ಟ ಮನಸ್ಸಿನಿಂದ ಬರೆದದ್ದಲ್ಲ, ನನಗೆ ಗೊತ್ತು. ಮದ್ರಸದಲ್ಲಿ ನಿನಗೆ ಕಲಿಸಿದ್ದೇ ಅದು. ಆದರೆ ಅವಳು ಬೇರೆ ಮದ್ರಸದಲ್ಲಿ ಕಲಿತವಳು ಅಲ್ವಾ?

ನಾವು ಕರಾವಳಿಯವರು ಶಾಫಿಈ, ಅಂದರೆ ಧರ್ಮದ ನಿಯಮಗಳಲ್ಲಿ ಇಮಾಂ ಶಾಫಿಈ ಅವರ ಮದ್‌ಹಬ್, ಅವರ ದಾರಿ, ಹಿಡಿದವರು. ಮಂಗಳೂರಿನ ಬ್ಯಾರಿಗಳು, ಭಟ್ಕಳದ ನವಾಯತರು, ಆಚೆ ಕೇರಳದವರು, ಹೆಚ್ಚಿನವರು ಇದೇ. ಸಮುದ್ರದ ದಾರಿಯಲ್ಲಿ ಬಂದ ಅರಬ್ ವ್ಯಾಪಾರಿಗಳಿಂದ ನಮಗೆ ಬಂದದ್ದು. ಘಟ್ಟದ ಮೇಲೆ ಉರ್ದು ಮಾತಾಡುವ ಮನೆಗಳಲ್ಲಿ ಹೆಚ್ಚಿನವರು ಹನಫಿ, ಇಮಾಂ ಅಬೂ ಹನೀಫಾ ಅವರ ದಾರಿಯವರು. ನಿನ್ನ ಅತ್ತಿಗೆಯೂ ಅದೇ. ನಮ್ಮ ಮದ್‌ಹಬಿನಲ್ಲಿ ಹೆಂಗಸು ನಮಾಝಿನಲ್ಲಿ ಮುಖ ಮತ್ತು ಮಣಿಕಟ್ಟಿನವರೆಗಿನ ಕೈ ಬಿಟ್ಟು ಎಲ್ಲವನ್ನೂ ಮುಚ್ಚಬೇಕು. ಪಾದವೂ ಸೇರಿತು, ಗದ್ದದ ಕೆಳಭಾಗವೂ ಸೇರಿತು. ಹನಫಿಗಳಲ್ಲಿ ಪಾದ ಅದರಲ್ಲಿ ಬರುವುದಿಲ್ಲ. ನಡೆಯುವಾಗ, ಕೆಲಸ ಮಾಡುವಾಗ ಪಾದ ಕಾಣುವುದು ಸಹಜ, ಅದನ್ನು ಮುಚ್ಚಲೇಬೇಕು ಅಂದರೆ ಕಷ್ಟ ಆಗುತ್ತದೆ ಅನ್ನುವುದು ಅವರ ಇಮಾಮರ ಲೆಕ್ಕ. ನಮ್ಮ ಇಮಾಮರು ಹಿಡಿದದ್ದು ಪ್ರವಾದಿ ಮುಹಮ್ಮದ್ ನಬಿಯವರ ಪತ್ನಿ ಉಮ್ಮು ಸಲಮಾ ಅವರಿಂದ ಬಂದ ಹದೀಸನ್ನು, ಹಿಂದಿನವರು ಕೇಳಿ ಉಳಿಸಿದ ಮಾತನ್ನು, ಪಾದದ ಮೇಲ್ಭಾಗ ಮುಚ್ಚುವಷ್ಟು ಉದ್ದದ ಅಂಗಿ ಇರಬೇಕು ಅನ್ನುವುದನ್ನು. ಅದು ನಬಿಯವರ ಮಾತೋ, ಉಮ್ಮು ಸಲಮಾ ಅವರದ್ದೇ ಮಾತೋ ಅನ್ನುವುದರಲ್ಲೇ ಹದೀಸ್ ಪಂಡಿತರಿಗೆ ಎರಡು ಅಭಿಪ್ರಾಯ ಇದೆ. ಹಾಗಿರುವಾಗ ಅವಳ ನಮಾಝ್ ಆಗಲಿಲ್ಲ ಅನ್ನಲು ನಾನು ಯಾರು, ನೀನು ಯಾರು? ತಲೆಯ ಬಟ್ಟೆಯ ವಿಷಯದಲ್ಲಿ ಮಾತ್ರ ಎರಡು ಮಾತಿಲ್ಲ. ಪ್ರಾಯಕ್ಕೆ ಬಂದ ಹೆಣ್ಣು ತಲೆ ಮುಚ್ಚದೆ ಮಾಡಿದ ನಮಾಝ್ ಸ್ವೀಕಾರ ಇಲ್ಲ ಅಂತ ನಬಿಯವರ ಇನ್ನೊಬ್ಬ ಪತ್ನಿ ಆಯಿಷಾ ಅವರ ಹದೀಸಿನಲ್ಲಿದೆ. ಅದನ್ನು ಎರಡೂ ಕಡೆಯವರು ಒಪ್ಪುತ್ತಾರೆ.

ಇನ್ನೊಂದು. ಸಾಕ್ಸ್ ಅನ್ನುವುದು ನಮ್ಮಲ್ಲೂ ನಿಯಮ ಅಲ್ಲ. ಮುಚ್ಚುವುದು ನಿಯಮ. ನನ್ನ ಉಮ್ಮ ಜೀವನದಲ್ಲಿ ಒಂದು ಜೊತೆ ಸಾಕ್ಸ್ ಕೊಂಡವರಲ್ಲ. ಕೋಣೆಯ ಬಾಗಿಲ ಹಿಂದೆ ಮೊಳೆಗೆ ಅವರ ನಮಾಝಿನ ಬಿಳಿ ಕುಪ್ಪಾಯ ನೇತಾಡುತ್ತಿತ್ತು. ದಪ್ಪ ಹತ್ತಿ ಬಟ್ಟೆ, ಕೆಳಗೆ ನೆಲ ಗುಡಿಸುವಷ್ಟು ಉದ್ದ. ನಿಂತಾಗ ಅಂಗಾಲು ನೆಲಕ್ಕೆ ಅಂಟಿರುತ್ತಿತ್ತು, ಸುಜೂದಿಗೆ, ಹಣೆ ನೆಲಕ್ಕೆ ಮುಟ್ಟಿಸಲು, ಹೋದಾಗ ಅಂಚು ಹಿಂದೆ ಬಿದ್ದು ಪಾದ ಮುಚ್ಚುತ್ತಿತ್ತು. ಈಗ ನಾವು ಹಾಕುವ ಕೆಲವು ಶಾಲುಗಳು ಎಷ್ಟು ತೆಳು ಅಂದರೆ ಕೂದಲಿನ ಬಣ್ಣ ಕಾಣುತ್ತದೆ. ಚರ್ಮದ, ಕೂದಲಿನ ಬಣ್ಣ ಕಂಡರೆ ಮುಚ್ಚಿದ ಹಾಗಲ್ಲ. ಸಾಕ್ಸ್ ನೋಡುವ ಮೊದಲು ಇದನ್ನು ನೋಡಿ. ಮಧ್ಯದಲ್ಲಿ ಶಾಲು ಜಾರಿದರೆ ಗಾಬರಿ ಬೇಡ. ಗಾಳಿಗೆ ಹಾರಿತು, ತಕ್ಷಣ ಸರಿ ಮಾಡಿಕೊಂಡೆ ಅಂದರೆ ನಮಾಝ್ ಮುರಿಯುವುದಿಲ್ಲ.

ಈಗ ನಮ್ಮ ಹುಡುಗನ ವಿಷಯ. ಟೋಪಿ ಇರಲಿಲ್ಲ, ಅದಕ್ಕೆ ಮಸೀದಿ ಬಾಗಿಲಿನಿಂದಲೇ ವಾಪಸ್ ಬಂದೆ, ಸಾಯಂಕಾಲದ ಅಸರ್ ನಮಾಝ್ ಹೋಯಿತು ಅಂತ ಬರೆದಿದ್ದೀ. ಓದಿ ಹೊಟ್ಟೆ ಉರಿಯಿತು ಮಗಾ. ಗಂಡಸರಿಗೆ ಟೋಪಿ ಶರ್ತ್ ಅಲ್ಲ, ಅದಿಲ್ಲದಿದ್ದರೂ ನಮಾಝ್ ಆಗುತ್ತದೆ. ಅದು ಸುನ್ನತ್, ಮಾಡಿದರೆ ಒಳ್ಳೆಯದು, ಅದಬು, ಅಂದರೆ ಮರ್ಯಾದೆ. ಉದಾಸೀನದಿಂದ ಬರಿ ತಲೆಯಲ್ಲಿ ನಿಲ್ಲುವುದು ಚೆನ್ನಾಗಿಲ್ಲ ಅಂತ ಹನಫಿ ಕಿತಾಬುಗಳು ಹೇಳುತ್ತವೆ, ನಾನೂ ಹಾಕಿಕೋ ಅಂತಲೇ ಹೇಳುತ್ತೇನೆ. ಆದರೆ ಹಜ್ಜಿಗೆ ಹೋದಾಗ ಇಹ್ರಾಮಿನಲ್ಲಿ, ಆ ಎರಡು ಬಿಳಿ ಬಟ್ಟೆಯಲ್ಲಿ, ಲಕ್ಷಗಟ್ಟಲೆ ಗಂಡಸರು ಬರಿ ತಲೆಯಲ್ಲೇ ಕಅಬಾದ ಮುಂದೆ ನಮಾಝ್ ಮಾಡುತ್ತಾರೆ. ಅಲ್ಲಿ ತಲೆ ಮುಚ್ಚಲೇಬಾರದು. ಒಂದೇ ಬಟ್ಟೆಯಲ್ಲಿ ನಮಾಝ್ ಆಗುತ್ತದಾ ಅಂತ ಕೇಳಿದಾಗ, ನಿಮ್ಮೆಲ್ಲರ ಹತ್ತಿರ ಎರಡೆರಡು ಬಟ್ಟೆ ಇದೆಯಾ ಅಂತ ನಬಿಯವರು ತಿರುಗಿ ಕೇಳಿದ್ದರು. ಬಡವರ ಕಾಲ ಅದು.

ನೀನು ನೋಡಬೇಕಾದದ್ದು ಟೋಪಿ ಅಲ್ಲ, ಟೀ ಶರ್ಟು. ಹೊಕ್ಕುಳಿನಿಂದ ಮೊಣಕಾಲಿನವರೆಗೆ ಮುಚ್ಚುವುದು ಗಂಡಸರಿಗೆ ಶರ್ತ್. ಹೊಕ್ಕುಳು ಅಂದರೆ ಮುಂದೆ ಮಾತ್ರ ಅಲ್ಲ, ಹಿಂದೆ ಸೊಂಟದ ಸುತ್ತಲೂ. ಸೊಂಟದ ಕೆಳಗೆ ನಿಲ್ಲುವ ಜೀನ್ಸ್, ಗಿಡ್ಡ ಟೀ ಶರ್ಟ್ ಹಾಕಿ ಸುಜೂದಿಗೆ ಹೋದರೆ ಹಿಂದಿನ ಸಾಲಿನವರಿಗೆ ಬೆನ್ನಿನ ಕೆಳಗೆ ಏನೇನು ಕಾಣುತ್ತದೆ ಅಂತ ಕೇಳಿ ನೋಡು. ಅಲ್ಲಿ ನಮಾಝೇ ಮುರಿಯುತ್ತದೆ. ಬ್ಯಾಗಿನಲ್ಲಿ ಒಂದು ಉದ್ದ ಶರ್ಟ್ ಇಟ್ಟುಕೋ. ಟೋಪಿ ಬೇಕಾದರೆ ಹೆಚ್ಚಿನ ಮಸೀದಿಗಳಲ್ಲಿ ಬಾಗಿಲ ಹತ್ತಿರ ಬುಟ್ಟಿಯಲ್ಲಿ ಇಟ್ಟಿರುತ್ತಾರೆ. ಬಿಟ್ಟುಹೋದ ಅಸರ್ ಇವತ್ತೇ ಖಝಾ ಮಾಡು, ತೀರಿಸಿಬಿಡು, ನಾಳೆಗೆ ಬೇಡ.

ಮಗಳೇ, ಮತ್ತೆ ನಿನ್ನ ಹತ್ತಿರವೇ ಬರುತ್ತೇನೆ. ಇಮಾಂ ಅಬೂ ಹನೀಫಾ ತೀರಿಕೊಂಡ ಹಿಜರಿ 150ರಲ್ಲೇ ನಮ್ಮ ಇಮಾಂ ಶಾಫಿಈ ಹುಟ್ಟಿದ್ದು. ದೊಡ್ಡವರಾದ ಮೇಲೆ ಅಬೂ ಹನೀಫಾರ ಕಬರ್ ಹತ್ತಿರ ಬೆಳಗಿನ ಸುಬುಹಿ ನಮಾಝ್ ಮಾಡಿದಾಗ, ಅವರ ಮೇಲಿನ ಗೌರವಕ್ಕೆ ಕುನೂತ್, ಅಂದರೆ ನಮ್ಮಲ್ಲಿ ಆ ನಮಾಝಿನಲ್ಲಿ ಓದುವ, ಹನಫಿಗಳು ಓದದ ದುಆ, ಓದದೆ ಬಿಟ್ಟರಂತೆ. ನಮ್ಮ ಉಸ್ತಾದರು ಇದನ್ನು ಹೇಳುವಾಗ ಅವರ ಗಂಟಲು ಕಟ್ಟುತ್ತಿತ್ತು.

ನಿನ್ನ ಅತ್ತಿಗೆ ಮದುವೆಯಾಗಿ ಬಂದು ಇನ್ನೂ ತಿಂಗಳಾಗಿಲ್ಲ. ಗ್ರೂಪಿನಲ್ಲಿ ಸಾರಿ ಅಂತ ಹಾಕಬೇಡ, ಅಡುಗೆಮನೆಗೆ ಹೋಗಿ ಬಾಯಿಬಿಟ್ಟು ಹೇಳು. ಶುಕ್ರವಾರ ಬರುವಾಗ ಹತ್ತಿ ಬಟ್ಟೆಯಲ್ಲಿ ಉಮ್ಮನ ಅಳತೆಯ ಒಂದು ಕುಪ್ಪಾಯ ಹೊಲಿಸಿ ತರುತ್ತೇನೆ. ಅದು ನಿನಗೆ. ಅವಳಿಗೆ ಅವಳ ದುಪಟ್ಟಾ ಸಾಕು.